ಸೂರ್ಯಸ್ಫೋಟದ ರೇಡಿಯೋ ಸಂಜ್ಞೆಗಳು: ‘ಆಕಸ್ಮಿಕ’ವೆಂಬ ಮಾತು

ಸೂರ್ಯಸ್ಫೋಟಗಳ ರೇಡಿಯೋ ಸಂಜ್ಞೆಗಳನ್ನು ಜೆ. ಎಸ್. ಹೇ ಅವರು 1942ರಲ್ಲಿ ‘ಆಕಸ್ಮಿಕವಾಗಿ’ ಕಂಡುಹಿಡಿದರೆಂಬ ಮಾತು ವಾಡಿಕೆಯಲ್ಲಿದೆ. ಇದನ್ನು ನಾವು ಒಪ್ಪಲಾರೆವು. ಆ ವರ್ಷದ ಫೆಬ್ರವರಿ 27, 28ರಂದು ಬ್ರಿಟಿಷ್ ಸೇನೆಯ ರಾಡಾರ್‌ಗಳಿಗೆ 4ರಿಂದ 6 ಮೀಟರ್ ತರಂಗಾಂತರದಲ್ಲಿ ತೀವ್ರವಾದ ಅಡಚಣೆಯುಂಟಾಯಿತು. ಎರಡು ವಾರಗಳ ಹಿಂದೆಯಷ್ಟೇ ಜರ್ಮನರು ರಾಡಾರ್‌ಗಳನ್ನು ಕುರುಡಾಗಿಸಿ ತಮ್ಮ ಯುದ್ಧನೌಕೆಗಳನ್ನು ಇಂಗ್ಲಿಷ್ ಕಡಲ್ಗಾಲುವೆಯ ಮೂಲಕ ಸಾಗಿಸಿದ್ದರು. ಇದೂ ಶತ್ರುವಿನ ಕೈವಾಡವೆಂದು ಹೇ ಅವರು ಬರೆದಿದ್ದರೆ ಆಕ್ಷೇಪಿಸುವವರಾರು? ಅವರಾದರೋ ಹಲವು ಠಾಣೆಗಳ ವರದಿಗಳನ್ನು ಹೋಲಿಸಿ, ಅಡಚಣೆಯ ದಿಕ್ಕು ಸೂರ್ಯನನ್ನೇ ಅನುಸರಿಸುವುದನ್ನು ಕಂಡರು. ಗ್ರೀನಿಚ್ ವೀಕ್ಷಣಾಲಯವನ್ನು ವಿಚಾರಿಸಿ, ಸೂರ್ಯಬಿಂಬದ ನಡುಭಾಗದಲ್ಲಿ ಭಾರಿ ಕಲೆಗಳ ಗುಂಪೊಂದಿದೆಯೆಂದು ತಿಳಿದರು.

1930ರ ದಶಕದ ಹವ್ಯಾಸಿ ರೇಡಿಯೋಗಾರರೂ ಬುಸುಗುಟ್ಟುವ ಸದ್ದೊಂದನ್ನು ಕೇಳಿದ್ದರು. ಸೂರ್ಯನನ್ನು ಶಂಕಿಸಿದವರೂ ಉಂಟು. ಆಕಸ್ಮಿಕವು ಅವರಿಗೂ ಒದಗಿತ್ತು. ಶಂಕೆಯನ್ನು ಪುರಾವೆಯಾಗಿಸಿದುದು ಹೇ ಅವರ ಈ ಹೋಲಿಕೆ.

ಕಾಲನಿರ್ಣಯದಲ್ಲಿ ಇನ್ನೊಂದು ತೊಡಕಿದೆ. ಯುದ್ಧಕಾಲದ ಗೋಪ್ಯದಿಂದಾಗಿ ಹೇ ಅವರ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದುದು 1946ರಲ್ಲಿ. ಅಮೆರಿಕದ ಗ್ರೋಟ್ ರೀಬರ್ ಅವರ ಸೌರ ರೇಡಿಯೋ ವೀಕ್ಷಣೆ 1944ರಲ್ಲಿಯೇ ಪ್ರಕಟವಾಗಿತ್ತು. ಅಚ್ಚಿನ ತೇದಿಯನ್ನೇ ನೆಚ್ಚುವ ನಮ್ಮಂಥ ಇತಿಹಾಸದ ಅಧ್ಯಾಪಕರು ಎಡವುವುದು ಇಲ್ಲಿಯೇ.