ಏಪ್ರಿಲ್‌ನಲ್ಲಿ ನೋಡಬೇಕಾದ ತೋಟ

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಹಾದಿಯಲ್ಲೇ ನರ್ಸರಿಗೆ ಹೊಕ್ಕು ಪೆಟುನಿಯಾ, ಸಾಲ್ವಿಯಾ, ಪ್ಯಾನ್ಸಿ ಕುಂಡಗಳನ್ನು ಹೊತ್ತು ತರುತ್ತಾರೆ. ಗಾಜಿನಮನೆಯ ಸುತ್ತ ಅವು ಚೆಂದ. ಅಲ್ಲಿ ಮಾಲಿಗಳ ಪಡೆಯೇ ಇದೆ, ಪ್ರದರ್ಶನ ಮುಗಿದರೆ ಕುಂಡವೂ ಬದಲಾಗುತ್ತದೆ. ಮನೆಯಂಗಳದಲ್ಲಿ ಮಾತ್ರ ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಸೊರಗಿ ಹೋಗುತ್ತವೆ. ದಿನವಿಡೀ ಬಿಸಿಲು ಬೀಳುವ ತೋಟಕ್ಕೆ ಏಪ್ರಿಲ್‌ನಲ್ಲಿ ಬೆಲೆ ಕಟ್ಟಬೇಕೆಂಬುದು ನನ್ನ ಪಟ್ಟು. ಆಗ ಗೆಲ್ಲುವುದು ಹಳೆಯ ಹಿತ್ತಿಲುಗಳ ಬಹುವಾರ್ಷಿಕ ಗಿಡಗಳೇ: ದಾಸವಾಳ, ಕೇಪಳ, ರತ್ನಗಂಧಿ, ನಿತ್ಯಪುಷ್ಪ.

ಹಾಗೆಂದು ಇವು ಎಲ್ಲಿ ನೆಟ್ಟರೂ ಬರುತ್ತವೆ ಎಂಬ ಮಾತನ್ನು ಒಪ್ಪಲಾರೆ. ಕೇಪಳವನ್ನೇ ನೋಡಿ. ಕರಾವಳಿಯ ಜಂಬಿಟ್ಟಿಗೆ ಗುಡ್ಡಗಳ ಹುಳಿ ಮಣ್ಣಿನಲ್ಲಿ ಯಾರೂ ನೀರೆರೆಯದೆ ಕೆಂಪು ಗೊಂಚಲು ಬಿಡುವ ಈ ಗಿಡ, ಬಯಲುಸೀಮೆಯ ಬೋರ್‌ವೆಲ್ ನೀರು ಕುಡಿದು ಕುಡಿದು ಬಿಳಿಚಿಕೊಳ್ಳುತ್ತದೆ. ಚಿಗುರೆಲೆ ಹಳದಿಯಾಗಿ, ನರವಷ್ಟೇ ಹಸಿರು ಉಳಿಯುತ್ತದೆ. ಗಡಸು ನೀರಿನ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ, ಅದರೊಳಗಿನ ಕಬ್ಬಿಣ ಬೇರಿಗೆ ದಕ್ಕದಿರುವುದೇ ಇದಕ್ಕೆ ಕಾರಣ. ಜನ ಯೂರಿಯಾ ಸುರಿಯುತ್ತಾರೆ. ಅದರಿಂದ ಏನೂ ನೀಗದು. ಮಳೆನೀರು ಹಿಡಿದು ಎರೆಯಬೇಕು, ಪಾತಿಗೆ ಎಲೆಗೊಬ್ಬರ ತುಂಬಬೇಕು. ಅಷ್ಟು ಮಾಡಲಾಗದಿದ್ದರೆ ಅಲ್ಲಿ ರತ್ನಗಂಧಿ ನೆಡುವುದೇ ಲೇಸು.

ಕಾಗದದ ಹೂವಿನದು ಬೇರೆಯೇ ಸ್ವಭಾವ. ಅಕ್ಕರೆಯಿಂದ ದಿನಾ ನೀರು ಕೊಟ್ಟರೆ ಬರೀ ಸೊಪ್ಪು. ಮಣ್ಣು ಒಣಗಲು ಬಿಟ್ಟು, ಒಂದು ಸುತ್ತು ಹೂ ಮುಗಿದ ಮೇಲೆ ರೆಂಬೆ ಸವರಿದರೆ ಹೊಸ ಚಿಗುರಿನ ತುಂಬ ಬಣ್ಣ. ನಾವು ಹೂವೆಂದು ಮೆಚ್ಚುವುದು ಬಣ್ಣಗೊಂಡ ಎಲೆಗಳನ್ನು, ನಿಜವಾದ ಹೂ ನಡುವಿನ ಪುಟ್ಟ ಬಿಳಿ ಕೊಳವೆ. ಹಾಗಾಗಿಯೇ ಆ ಬಣ್ಣ ಬೇಗ ಬಾಡದು. ಕಣ್ಣಿಗೆ ಇದಕ್ಕೆ ಸಾಟಿಯಿಲ್ಲ, ಆದರೂ ನನ್ನ ಒಲವು ದಾಸವಾಳದ ಕಡೆಗೇ. ಒಂದೇ ದಿನ ಬಾಳುವ ಹೂವಾದರೂ ಬೆಳಗಿನ ಪೂಜೆಗೆ ಒದಗುತ್ತದೆ, ಸೂರಕ್ಕಿಯನ್ನು ಕರೆತರುತ್ತದೆ. ತಟ್ಟೆಯಗಲದ ಹೈಬ್ರಿಡ್‌ಗಿಂತ ಐದೆಸಳಿನ ಹಳೆಯ ಕೆಂಪು ದಾಸವಾಳವನ್ನೇ ಆರಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಕುಡಿಗೆ ಹಿಟ್ಟು ತಿಗಣೆ ಮುತ್ತಿದರೆ ಆ ಕುಡಿ ಚಿವುಟಿ ಎಸೆದು ಬೇವಿನೆಣ್ಣೆ ಸಿಂಪಡಿಸಿ.

ಗಟ್ಟಿ ಗಿಡವೆಂಬ ಒಂದೇ ಕಾರಣಕ್ಕೆ ಮನೆಗೆ ತರುವುದು ಮಾತ್ರ ಅಪಾಯ. 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಬಿಸಿಲಿಗೂ ಬರಕ್ಕೂ ಸೊಪ್ಪು ಹಾಕಲಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಹುಲ್ಲನ್ನು ಒತ್ತರಿಸಿ ಜಿಂಕೆ, ಕಾಟಿಗಳ ಮೇವನ್ನೇ ಕಸಿದಿದೆ. ಕಣಗಿಲೆಯ ವಿಷಯದಲ್ಲೂ ಜಾಗ ನೋಡಬೇಕು. ಎಲೆ, ಹೂ, ಕಾಂಡ ಎಲ್ಲವೂ ವಿಷ. ಹೊಗೆ, ದೂಳು, ಬಿಸಿಲು ತಾಳುವುದರಿಂದ ಹೆದ್ದಾರಿಯ ನಡುಪಟ್ಟಿಗೆ ಅದು ಹೇಳಿ ಮಾಡಿಸಿದ ಗಿಡ. ಕರು ಕಟ್ಟುವ ಹಿತ್ತಿಲಿಗೆ, ಅಂಬೆಗಾಲಿಡುವ ಮಗುವಿರುವ ಅಂಗಳಕ್ಕೆ ಖಂಡಿತ ಬೇಡ.