ಸೂಜಿ ಹಿಡಿದ ಕೈ, ಮರೆತ ತೀರ್ಪು

ಖಾಸಗಿ ಆಸ್ಪತ್ರೆಯಲ್ಲಿ ತಪ್ಪು ಔಷಧ ಬಿದ್ದು ರೋಗಿಗೆ ಹಾನಿಯಾದ ಮಾತು ಬಂದಾಗಲೆಲ್ಲ ವೈದ್ಯರು, ವಕೀಲರು, ಅಂಕಣಕಾರರು ಒಂದೇ ತೀರ್ಪಿನ ಹೆಸರು ಹೇಳುತ್ತಾರೆ: ಜೇಕಬ್ ಮ್ಯಾಥ್ಯೂ, 2005. ಆ ತೀರ್ಪಿಗೆ ಅದು ಹೊರಲಾರದಷ್ಟು ಗೌರವ ಸಂದಿದೆ ಎಂಬುದು ನನ್ನ ಅಭಿಪ್ರಾಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗುವವರಿಗೆ ಬೇಕಾದ ತೀರ್ಪು ಅದಲ್ಲ. 1998ರ ಮಾರ್ಚ್‌ನಲ್ಲಿ ಬಂದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ತೀರ್ಪು. ಅದರ ಹೆಸರನ್ನು ಎತ್ತುವವರು ಕಡಿಮೆ.

ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬಂದದ್ದು 1995ರ ವಿ.ಪಿ. ಶಾಂತಾ ಪ್ರಕರಣದಿಂದ. ಅದು ಎಲ್ಲರಿಗೂ ಗೊತ್ತಿರುವ ಕಥೆ. ಸ್ಪ್ರಿಂಗ್ ಮೆಡೋಸ್ ಕಥೆ ಮಾತ್ರ ವಿವರವಾಗಿ ಹೇಳಬೇಕಾದದ್ದು. 1993ರ ಡಿಸೆಂಬರ್. ಟೈಫಾಯ್ಡ್ ಎಂದು ದೆಹಲಿಯ ಆ ಆಸ್ಪತ್ರೆಗೆ ಸೇರಿಸಿದ್ದ ಮಗು. ಒಂದು ಬೆಳಿಗ್ಗೆ ನರ್ಸ್ ತಂದೆಯನ್ನು ಕರೆದು ಲಾರಿಯಾಗೊ ಇಂಜೆಕ್ಷನ್ ತರಲು ಹೇಳಿದರು. ಅದು ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್. ತಂದೆ ತಂದುಕೊಟ್ಟರು. ನರ್ಸ್ ಅದನ್ನು ನೇರ ರಕ್ತನಾಳಕ್ಕೆ ಕೊಟ್ಟರು. ಮಗು ತಾಯಿಯ ಮಡಿಲಲ್ಲೇ ಕುಸಿಯಿತು, ಹೃದಯ ನಿಂತಿತು. ಜೀವ ಉಳಿದರೂ ಮಿದುಳು ಮರಳಲಿಲ್ಲ. ಸೂಜಿ ಚುಚ್ಚಿದವರಿಗೆ ನರ್ಸಿಂಗ್ ಅರ್ಹತೆಯೇ ಇರಲಿಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೈಲಾಗದವರಿಗೆ ಕೆಲಸ ಒಪ್ಪಿಸುವುದೇ ನಿರ್ಲಕ್ಷ್ಯವಾಗಬಲ್ಲದು ಎಂದಿತು. ಹೊಣೆಯನ್ನು ಸಂಸ್ಥೆಯ ತಲೆಗೂ ಕಟ್ಟಿತು.

ಇಷ್ಟು ದೊಡ್ಡ ತೀರ್ಪು ಒಂದು ಕಡೆ ಎಡವಿದೆ. ‘ತಂದೆ ತಂದುಕೊಟ್ಟರು’ ಎಂಬ ಸಂಗತಿಯನ್ನು ಅದು ದಾಖಲಿಸುತ್ತದೆ, ದಾಟಿ ಹೋಗುತ್ತದೆ. ನನ್ನ ಕಣ್ಣಿಗೆ ಇಡೀ ಪ್ರಕರಣ ಇರುವುದೇ ಅಲ್ಲಿ. ನಮ್ಮ ಭಾಗದ ದವಾಖಾನೆಗಳಲ್ಲಿ ಇವತ್ತಿಗೂ ನಡೆಯುವುದನ್ನು ನೋಡಿ. ಡಾಕ್ಟರು ರೌಂಡ್ಸ್ ಮುಗಿಸಿ ಚೀಟಿ ಬರೆದು ಹೋಗುತ್ತಾರೆ. ಸಿಸ್ಟರ್ ಅದನ್ನು ರೋಗಿಯ ಮಂದಿಯ ಕೈಗಿಟ್ಟು ‘ಇಷ್ಟು ತೊಗೊಂಡ್ ಬರ್ರಿ’ ಎನ್ನುತ್ತಾರೆ. ಕೆಳಗಿನ ಮೆಡಿಕಲ್‌ನಲ್ಲಿ ಆ ಕಂಪನಿಯದು ಇಲ್ಲದಿದ್ದರೆ ಅಂಗಡಿಯ ಹುಡುಗ ‘ಇದೂ ಅದೇ ರೀ’ ಎಂದು ಬೇರೊಂದನ್ನು ಕ್ಯಾರಿಬ್ಯಾಗಿಗೆ ಹಾಕುತ್ತಾನೆ. ಓದು ಬಾರದ ತಾಯಿಯೊಬ್ಬಳು ಅದನ್ನು ತಂದು ಕೊಡುತ್ತಾಳೆ. ಆ ಚೀಲದಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿ ಆಂಪ್ಯೂಲೂ ಇರಬಹುದು, ಪುಡಿ ಔಷಧ ಕರಗಿಸುವ ಶುದ್ಧ ನೀರಿನ ಆಂಪ್ಯೂಲೂ ಇರಬಹುದು. ನಡುರಾತ್ರಿಯ ಟ್ಯೂಬ್‌ಲೈಟಿನಲ್ಲಿ ಎರಡನ್ನೂ ಬೇರ್ಪಡಿಸುವುದು ಅಂಟಿಸಿದ ಒಂದು ಸಣ್ಣ ಲೇಬಲ್. ಮೊದಲನೆಯದು ಸಲೈನಿನಲ್ಲಿ ಬೆರೆಯದೆ ನೇರ ನರಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ವೈದ್ಯ, ಅಂಗಡಿ, ಬಂಧು, ನರ್ಸ್ ಎಂದು ನಾಲ್ಕು ಕೈ ದಾಟಿ ಬರುವ ಔಷಧಕ್ಕೆ ಕೊನೆಯ ಕೈಯನ್ನಷ್ಟೇ ಹಿಡಿಯುವ ನ್ಯಾಯ ಅರ್ಧ ನ್ಯಾಯ. ರೋಗಿಯ ಮನೆಯವರನ್ನು ಔಷಧ ತರುವ ಆಳಾಗಿ ಮಾಡಿದ ಪದ್ಧತಿಯೇ ಸೇವಾ ನ್ಯೂನತೆ ಎಂದು ಕೋರ್ಟ್ ಅಂದೇ ಹೇಳಬಹುದಿತ್ತು.

ಆದರೂ ಜೇಕಬ್ ಮ್ಯಾಥ್ಯೂಗಿಂತ ಇದೇ ದೊಡ್ಡದು. ಆ ಪ್ರಕರಣದಲ್ಲಿ ಔಷಧವೇ ಇಲ್ಲ. ಲೂಧಿಯಾನದ ಆಸ್ಪತ್ರೆಯ ಖಾಲಿ ಆಮ್ಲಜನಕ ಸಿಲಿಂಡರ್ ಇದೆ. ವೈದ್ಯರನ್ನು ಜೈಲಿಗೆ ಕಳಿಸಬೇಕಾದರೆ ಘೋರ ನಿರ್ಲಕ್ಷ್ಯ ಬೇಕು ಎಂದು ಕೋರ್ಟ್ ಹೇಳಿದ್ದು ಕ್ರಿಮಿನಲ್ ಕಾನೂನಿನ ಬಗ್ಗೆ. ಆಸ್ಪತ್ರೆಯ ಸಿವಿಲ್ ಹೊಣೆಯ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ ಎಂದು ಅದೇ ತೀರ್ಪು ಬಾಯಿಬಿಟ್ಟು ಹೇಳಿದೆ. ಇದನ್ನು ಓದದೆ ‘ಡಾಕ್ಟರ ಮೇಲೆ ಕೇಸ್ ನಿಲ್ಲೋದಿಲ್ಲ’ ಎಂದು ಬಂದವರನ್ನು ವಾಪಸು ಕಳಿಸುವ ವಕೀಲರ ಮೇಲೆ ನನ್ನ ತಕರಾರಿದೆ. ‘ಮೊದಲು ತಜ್ಞರ ವರದಿ ತರಬೇಕು’ ಎಂಬ ಮಾತೂ ಹಾಗೆಯೇ ತಪ್ಪು. 2009ರ ಮಾರ್ಟಿನ್ ಡಿಸೋಜಾ ತೀರ್ಪು ಹಾಗೆಂದದ್ದು ನಿಜ. ಆದರೆ ಹೈದರಾಬಾದಿನ ನಿಖಿಲ್ ಆಸ್ಪತ್ರೆಯ ಪ್ರಕರಣದಲ್ಲಿ, ಮಲೇರಿಯಾ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ನಡೆದಿದ್ದಾಗ, ಎಲ್ಲ ಕೇಸಿಗೂ ತಜ್ಞರು ಬೇಕಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟೇ ತಿದ್ದಿತು.

ಗ್ರಾಹಕ ಕೋರ್ಟಿಗೆ ಹೆದರಿ ತಾಲ್ಲೂಕಿನ ವೈದ್ಯರು ರೋಗಿಗಳನ್ನು ಕಲಬುರಗಿಗೆ, ಹೈದರಾಬಾದಿಗೆ ಸಾಗಹಾಕುತ್ತಾರೆ ಎಂದು ಬರೆಯುವವರೂ ಇದ್ದಾರೆ. ತಾಲ್ಲೂಕಿನಲ್ಲಿ ನಿಂತ ವೈದ್ಯರ ಕಷ್ಟ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ನೋಂದಾಯಿತ ನರ್ಸ್ ಇಡುವುದು, ಕೊಟ್ಟ ಔಷಧ ಬರೆದಿಡುವುದು ಭಯದಿಂದ ಮಾಡುವ ಕೆಲಸವಲ್ಲ, ಲೈಸೆನ್ಸಿನ ಷರತ್ತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದನ್ನು ಬಿಗಿಗೊಳಿಸಹೊರಟ 2017ರ ತಿದ್ದುಪಡಿ ವೈದ್ಯರ ಮುಷ್ಕರದ ಮುಂದೆ ಮೆತ್ತಗಾಯಿತು.

ಎಲ್ಲಕ್ಕಿಂತ ಕಹಿಯಾದದ್ದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ನೀಡುವಾಗ ನೋಂದಾಯಿತ ವೈದ್ಯರಿಂದಾದರೆ ಎರಡು ವರ್ಷದವರೆಗೆ. ವೈದ್ಯರ ರಿಜಿಸ್ಟರಿನಲ್ಲಿ ನರ್ಸ್ ಹೆಸರಿಲ್ಲ. ಅಂದರೆ ಅಡ್ಡಾದಿಡ್ಡಿ ಚೀಟಿ ಬರೆದವರಿಗೆ ಎರಡು, ಅದನ್ನು ಓದಿ ಸೂಜಿ ಚುಚ್ಚಿದ ಕಡಿಮೆ ಸಂಬಳದ ಹುಡುಗಿಗೆ ಐದು. ಸ್ಪ್ರಿಂಗ್ ಮೆಡೋಸ್ ಸಂಸ್ಥೆಯ ಮೇಲೆ ಹೊರಿಸಿದ್ದ ಭಾರವನ್ನು ಹೊಸ ಕಾನೂನು ಪುನಃ ಕೊನೆಯ ಕೈಗೆ ಇಳಿಸಿದೆ. ಇದು ಅನ್ಯಾಯ.

ಈ ತಾಲ್ಲೂಕುಗಳ ವಕೀಲರಲ್ಲಿ ನನ್ನ ವಿನಂತಿ: 1998ರ ತೀರ್ಪನ್ನು ತೆಗೆದು ಓದಿ, ನರ್ಸ್ ಜೊತೆ ಆಸ್ಪತ್ರೆಯನ್ನೂ ಎದುರುದಾರನನ್ನಾಗಿ ಮಾಡಿ. ಮನೆಯವರು ಚೀಟಿ, ಬಿಲ್ಲು, ಖಾಲಿ ಆಂಪ್ಯೂಲು ಬಿಸಾಡಬಾರದು. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ. ಚಿಂಚೋಳಿಯವರು ತಾಂಡೂರಿನಲ್ಲೋ ಹೈದರಾಬಾದಿನಲ್ಲೋ ಚಿಕಿತ್ಸೆ ಪಡೆದಿದ್ದರೂ, 2019ರ ಗ್ರಾಹಕ ಕಾಯ್ದೆಯಡಿ ದೂರನ್ನು ಕಲಬುರಗಿಯ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ.