ಸಂಬಳದ ಚೀಟಿಯಲ್ಲಿ ಬರುವ ಕಾರು

ಮೆಲ್ಬರ್ನಿನ ಪಶ್ಚಿಮಕ್ಕೆ ಹಬ್ಬಿರುವ ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ಕನ್ನಡ ಮನೆಗಳಲ್ಲಿ ನಾಲ್ಕು ಜನ ಸೇರಿದರೆ, ಮನೆ ಸಾಲದ ಬಡ್ಡಿಯ ಮಾತು ಮುಗಿದ ಕೂಡಲೇ ಎಲೆಕ್ಟ್ರಿಕ್ ಕಾರಿನ ಮಾತು ಬರುತ್ತದೆ. ‘ನೊವೇಟೆಡ್ ಲೀಸ್‌ನಲ್ಲಿ ತಗೊಳ್ಳಿ, ಅರ್ಧ ಬೆಲೆಗೆ ಸಿಗುತ್ತೆ’ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಮಾತು ಯಾರ ಪಾಲಿಗೆ ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ವ್ಯವಸ್ಥೆಯಲ್ಲಿ ಮೂವರಿದ್ದಾರೆ: ನೌಕರ, ಕಂಪನಿ, ಲೀಸ್ ಕೊಡುವ ಸಂಸ್ಥೆ. ಕಾರಿನ ಕಂತು, ನೋಂದಣಿ, ವಿಮೆ, ಟಯರ್, ಸರ್ವಿಸ್, ಚಾರ್ಜಿಂಗ್ ಎಲ್ಲವನ್ನೂ ಒಟ್ಟು ಸೇರಿಸಿ, ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಕಂಪನಿ ಕೊಟ್ಟ ಕಾರನ್ನು ನೌಕರ ಸ್ವಂತಕ್ಕೆ ಓಡಿಸಿದರೆ ಆಸ್ಟ್ರೇಲಿಯಾದಲ್ಲಿ ಕಂಪನಿಯ ಮೇಲೆ ಶೇ. 47ರ ಫ್ರಿಂಜ್ ಬೆನಿಫಿಟ್ಸ್ ತೆರಿಗೆ ಬೀಳುತ್ತದೆ. ಪೆಟ್ರೋಲ್ ಕಾರಿನವರು ಅದನ್ನು ತಪ್ಪಿಸಬೇಕಾದರೆ ಕಾರಿನ ಮೂಲಬೆಲೆಯ ಶೇ. 20ರಷ್ಟನ್ನು ವರ್ಷವರ್ಷವೂ ತೆರಿಗೆ ಕಟ್ಟಿ ಉಳಿದ ಸಂಬಳದಿಂದ ಕೊಡಬೇಕು. ಎಲೆಕ್ಟ್ರಿಕ್ ಕಾರಿಗೆ ಈ ತೆರಿಗೆಯನ್ನೇ ತೆಗೆದುಹಾಕುವ ಕಾನೂನನ್ನು ಆಲ್ಬನೀಸಿ ಸರ್ಕಾರ 2022ರ ಕೊನೆಯಲ್ಲಿ ತಂದು, ಅದೇ ವರ್ಷದ ಜುಲೈ 1ರಿಂದಲೇ ಅನ್ವಯಿಸಿತು. ಕಾರಿನ ಬೆಲೆ ಐಷಾರಾಮಿ ತೆರಿಗೆಯ ಮಿತಿಯೊಳಗಿರಬೇಕು. 2025–26ಕ್ಕೆ ಆ ಮಿತಿ 91,387 ಡಾಲರ್. ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಈ ಸೌಲಭ್ಯ 2025ರ ಏಪ್ರಿಲ್ 1ಕ್ಕೆ ನಿಂತಿತು; ಅದಕ್ಕೂ ಮೊದಲು ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಮುಂದುವರಿದಿದೆ.

60,000 ಡಾಲರಿನ ಒಂದು ಕಾರು, ಕಂತು ಮತ್ತು ಖರ್ಚು ಸೇರಿ ವರ್ಷಕ್ಕೆ 16,000 ಡಾಲರ್ ಎಂದಿಟ್ಟುಕೊಳ್ಳೋಣ. 2025–26ರ ದರದಲ್ಲಿ ಎರಡು ಲಕ್ಷ ಹತ್ತು ಸಾವಿರ ಸಂಬಳದವರಿಗೆ ಮೆಡಿಕೇರ್ ಸೇರಿ ಶೇ. 47 ತೆರಿಗೆ ಉಳಿಯುತ್ತದೆ. ಅವರ ಕೈಯಿಂದ ನಿಜವಾಗಿ ಹೋಗುವುದು 8,480. ಲಕ್ಷ ಡಾಲರ್ ಸಂಬಳದವರಿಗೆ ಉಳಿಯುವುದು ಶೇ. 32, ಹೋಗುವುದು 10,880. ನಲವತ್ತೈದು ಸಾವಿರದೊಳಗೆ ದುಡಿಯುವವರಿಗೆ ಉಳಿಯುವುದು ಹೆಚ್ಚೆಂದರೆ ಶೇ. 18, ಹೋಗುವುದು 13,120. ಅದೇ ಕಾರು, ಅದೇ ರಸ್ತೆ, ತಪ್ಪುವ ಹೊಗೆಯೂ ಅಷ್ಟೇ. ಮೇಲಿನವರಿಗೂ ಕೆಳಗಿನವರಿಗೂ ಐದು ವರ್ಷದಲ್ಲಿ ಬೀಳುವ ಅಂತರ 23,200 ಡಾಲರ್. ‘ಅರ್ಧ ಬೆಲೆ’ ಎಂಬ ಮಾತು ಮೊದಲನೆಯವರಿಗಷ್ಟೇ ಸರಿ. ಈ ಯೋಜನೆಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಸಹಾಯ ಯಾರಿಗೆ ಕಡಿಮೆ ಬೇಕೋ ಅವರಿಗೆ ಹೆಚ್ಚು ಸಿಗುವ ಹಾಗೆ ಇದನ್ನು ಕಟ್ಟಲಾಗಿದೆ.

ಇನ್ನು ಕೆಲವರಿಗೆ ಬಾಗಿಲೇ ಇಲ್ಲ. ಊಬರ್ ಓಡಿಸುವವರು, ಸ್ವಂತ ಅಂಗಡಿ ಇಟ್ಟವರು, ಎಬಿಎನ್ ಎಂಬ ಸ್ವಂತ ವ್ಯಾಪಾರದ ಸಂಖ್ಯೆಯ ಮೇಲೆ ಕ್ಲೀನಿಂಗ್ ಮಾಡುವವರು ಯಾರೂ ನೌಕರರಲ್ಲ. ಆದ್ದರಿಂದ ಅವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಅತಿ ಹೆಚ್ಚು ಪೆಟ್ರೋಲ್ ಸುಡುವ ಚಾಲಕನನ್ನು ಹೊರಗಿಟ್ಟು, ವಾರಕ್ಕೆರಡು ದಿನ ಆಫೀಸಿಗೆ ಹೋಗುವ ಮ್ಯಾನೇಜರಿಗೆ ಹೆಚ್ಚು ಕೊಡುವ ಪರಿಸರ ನೀತಿಯನ್ನು ನಾನು ಒಪ್ಪಲಾರೆ.

ಲಾಭ ಪಡೆಯುವವರೂ ಗಮನಿಸದೆ ಬಿಡುವ ಒಂದು ಸಂಗತಿಯಿದೆ. ತೆರಿಗೆ ಮಾಫಿಯಾದರೂ ಸೌಲಭ್ಯದ ಮೌಲ್ಯ ದಾಖಲೆಯಿಂದ ಹೋಗುವುದಿಲ್ಲ. 60,000ದ ಶೇ. 20 ಎಂದರೆ 12,000, ಅದನ್ನು 1.8868ರಿಂದ ಗುಣಿಸಿ 22,642 ಡಾಲರ್ ಎಂದು ವರ್ಷದ ಆದಾಯ ವಿವರದಲ್ಲಿ ‘ವರದಿ ಮಾಡಬೇಕಾದ ಸೌಲಭ್ಯ’ವಾಗಿ ತೋರಿಸುತ್ತಾರೆ. ಅದರ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಹೆಲ್ಪ್ ವಿದ್ಯಾಸಾಲದ ಮರುಪಾವತಿ, ಮಕ್ಕಳ ಚೈಲ್ಡ್‌ಕೇರ್ ಸಬ್ಸಿಡಿ, ಕುಟುಂಬ ಭತ್ಯೆ, ಮೆಡಿಕೇರ್ ಸರ್‌ಚಾರ್ಜ್ ಇವೆಲ್ಲಕ್ಕೂ ಆದಾಯ ಅಳೆಯುವಾಗ ಇದನ್ನು ಕೂಡಿಸಿಕೊಳ್ಳುತ್ತಾರೆ. 97,000 ಸಂಬಳದ ಒಂಟಿ ವ್ಯಕ್ತಿಯೊಬ್ಬರು ಖಾಸಗಿ ಆಸ್ಪತ್ರೆ ವಿಮೆ ಮಾಡಿಸಿಲ್ಲ ಎನ್ನಿ. ಲೀಸ್‌ಗೆ ಮೊದಲು ಅವರು ಸರ್‌ಚಾರ್ಜಿಗೆ 2025–26ರಲ್ಲಿದ್ದ 101,000ದ ಮಿತಿಯ ಕೆಳಗಿದ್ದರು. ಲೀಸ್ ಆದಮೇಲೆ ತೆರಿಗೆಯ ಆದಾಯ 81,000ಕ್ಕೆ ಇಳಿಯುತ್ತದೆ, ಅದಕ್ಕೆ 22,642 ಸೇರಿ 103,642 ಆಗುತ್ತದೆ. ಶೇ. 1ರ ಸರ್‌ಚಾರ್ಜ್ ಎಂದು ಸಾವಿರ ಡಾಲರಿಗೂ ಮೀರಿ ಕಟ್ಟಬೇಕಾಗುತ್ತದೆ. ಒಂದು ಮಗುವನ್ನು ಚೈಲ್ಡ್‌ಕೇರಿಗೆ ಬಿಡುವ ದಂಪತಿಗೆ ಅಷ್ಟು ದೊಡ್ಡ ಪೆಟ್ಟು ಬೀಳಲಿಕ್ಕಿಲ್ಲ; ಆದಾಯ 5,000 ಡಾಲರ್ ಏರಿದಷ್ಟಕ್ಕೂ ಸಬ್ಸಿಡಿ ಶೇ. 1 ಇಳಿಯುತ್ತದೆ. ಆದರೂ ಅದನ್ನು ಲೀಸ್‌ನವರ ಕೋಷ್ಟಕದಲ್ಲಿ ಹುಡುಕಬೇಡಿ. ಅಲ್ಲಿರುವುದು ‘ಹದಿನೈದು ದಿನಕ್ಕೆ ಇಷ್ಟು’ ಎಂಬ ಒಂದು ಮೊತ್ತ ಮಾತ್ರ.

ಆ ಒಂದು ಮೊತ್ತವನ್ನು ಬಿಡಿಸಿ ನೋಡುವುದೇ ಕಷ್ಟದ ಕೆಲಸ. ಬಡ್ಡಿ ದರ ಎಷ್ಟೆಂದು ಎಷ್ಟೋ ಕೊಟೇಶನ್‌ಗಳಲ್ಲಿ ಬರೆದಿರುವುದಿಲ್ಲ. ವಿಮೆ, ಟಯರ್ ಬಾಬತ್ತುಗಳನ್ನು ಉಬ್ಬಿಸಿರುತ್ತಾರೆ, ಆಡಳಿತ ಶುಲ್ಕವನ್ನು ತಿಂಗಳ ಲೆಕ್ಕಕ್ಕೆ ಸೇರಿಸಿರುತ್ತಾರೆ. ಕೇಳಿದರೆ ‘ನಿಮಗೆ ತೆರಿಗೆ ಇಷ್ಟು ಉಳಿಯುತ್ತಲ್ಲ’ ಎಂಬ ಉತ್ತರ ಬರುತ್ತದೆ. ಸರ್ಕಾರ ಬಿಟ್ಟುಕೊಟ್ಟ ತೆರಿಗೆಯ ಒಂದು ಪಾಲು ಹೀಗೆ ಮಧ್ಯವರ್ತಿಯ ಜೇಬಿಗೆ ಇಳಿಯುತ್ತದೆ. ಉಳಿತಾಯ ದೊಡ್ಡದಾಗಿ ಕಂಡಷ್ಟೂ ಚೌಕಾಸಿ ಮಾಡುವ ಮನಸ್ಸು ಕುಗ್ಗುತ್ತದೆ ಎಂಬುದು ಆ ವ್ಯಾಪಾರದವರಿಗೆ ಚೆನ್ನಾಗಿ ಗೊತ್ತು. ಸಾಲದ ಮೊತ್ತ, ಕಂತು, ಕೊನೆಗೆ ಕೊಡಬೇಕಾದ ಬಾಕಿ ಈ ಮೂರನ್ನು ಕೇಳಿ ಪಡೆದರೆ ಸ್ಪ್ರೆಡ್‌ಶೀಟಿನಲ್ಲಿ ಬಡ್ಡಿ ದರ ತಾನೇ ಹೊರಬೀಳುತ್ತದೆ. ಅದನ್ನು ಬ್ಯಾಂಕಿನ ಕಾರು ಸಾಲದ ದರದೊಡನೆ ಹೋಲಿಸಬೇಕು. ಮನೆ ಸಾಲದ ಆಫ್‌ಸೆಟ್ ಖಾತೆಯಲ್ಲಿ ಹಣವಿರುವವರು ಅದರಿಂದಲೇ ಕಾರು ಕೊಂಡರೆ ಏನಾಗುತ್ತದೆ ಎಂದೂ ನೋಡಬೇಕು.

ಕೊನೆಯ ಬಾಕಿಯನ್ನು ತೆರಿಗೆ ಇಲಾಖೆಯೇ ನಿಗದಿ ಮಾಡಿದೆ: ಮೂರು ವರ್ಷದ ಲೀಸ್‌ಗೆ ಶೇ. 46.88, ಐದು ವರ್ಷಕ್ಕೆ ಶೇ. 28.13. ಸುಮಾರು 55,000 ಡಾಲರ್ ಸಾಲವಾದರೆ ಐದು ವರ್ಷದ ಕೊನೆಗೆ ಜಿಎಸ್‌ಟಿ ಸೇರಿ 17,000 ಡಾಲರನ್ನು ಕೈಯಿಂದ ಹಾಕಬೇಕು, ಅದೂ ತೆರಿಗೆ ಕಟ್ಟಿದ ಹಣದಿಂದ. ಆ ಹೊತ್ತಿಗೆ ಕಾರು ಮಾರುಕಟ್ಟೆಯಲ್ಲಿ ಅಷ್ಟು ಬಾಳುತ್ತದೆಯೇ? 2023ರಿಂದ ಟೆಸ್ಲಾ ಮೇಲಿಂದ ಮೇಲೆ ಬೆಲೆ ಇಳಿಸಿತು, ಬಿವೈಡಿಯಂಥ ಚೀನಾದ ಕಾರುಗಳು ಅಗ್ಗದಲ್ಲಿ ಬಂದವು. ಹೊಸದರ ಬೆಲೆ ಬಿದ್ದಾಗ ಹಳೆಯದರದ್ದು ಇನ್ನೂ ಬೀಳುತ್ತದೆ. ಆ ನಷ್ಟ ಕಂಪನಿಯದಲ್ಲ, ಲೀಸ್ ಸಂಸ್ಥೆಯದೂ ಅಲ್ಲ, ಪೂರ್ತಿ ನೌಕರನದು. ಕೆಲಸ ಹೋದರೆ ಲೀಸ್‌ನ ಹೊಣೆ ಕಂಪನಿಯನ್ನು ಬಿಟ್ಟು ನೌಕರನ ಹೆಗಲಿಗೆ ಬರುತ್ತದೆ. ಸಂಬಳ ನಿಂತ ತಿಂಗಳೇ ಪೂರ್ತಿ ಕಂತು, ತೆರಿಗೆಯ ಲಾಭವಿಲ್ಲದೆ. ಕೆಲಸದ ಮೇಲೆಯೇ ವೀಸಾ ನಿಂತಿರುವ ನಮ್ಮ ಹುಡುಗ ಹುಡುಗಿಯರು ಸಹಿ ಹಾಕುವ ಮೊದಲು ಈ ಒಂದು ಷರತ್ತನ್ನಾದರೂ ಎರಡು ಸಲ ಓದಲಿ ಎಂದು ನನ್ನ ಕಳಕಳಿ.

ಹಾಗೆಂದು ಯೋಜನೆ ವ್ಯರ್ಥ ಎನ್ನುತ್ತಿಲ್ಲ. ಬಜೆಟ್ಟಿನ ಅಂದಾಜನ್ನು ಬಹಳ ಮೀರಿ ಜನ ಇದನ್ನು ಬಳಸಿದ್ದಾರೆ. ಆ ಕಾರುಗಳ ಲೀಸ್ ಮುಗಿಯುತ್ತ ಬಂದಂತೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಎಲೆಕ್ಟ್ರಿಕ್ ಕಾರುಗಳು ಬರುತ್ತವೆ. ಕಡಿಮೆ ಸಂಬಳದವರಿಗೆ ಈ ಕಾನೂನು ನಿಜವಾಗಿ ತಲುಪುವ ದಾರಿ ಅದು. 2022ರ ಜುಲೈ 1ರ ನಂತರ ಮೊದಲು ರಸ್ತೆಗಿಳಿದ ಹಳೆಯ ಕಾರನ್ನೂ, ಅದರ ಮೇಲೆ ಐಷಾರಾಮಿ ತೆರಿಗೆ ಬಿದ್ದಿರದಿದ್ದರೆ, ಲೀಸ್‌ಗೆ ತೆಗೆದುಕೊಳ್ಳಬಹುದು. ಹೊಸ ಕಾರಿನ ಜಾಹೀರಾತುಗಳ ನಡುವೆ ಈ ಅವಕಾಶ ಅಷ್ಟಾಗಿ ಕೇಳಿಸುವುದಿಲ್ಲ. ಮೂರು ವರ್ಷಕ್ಕೆ ಪರಿಶೀಲನೆ ನಡೆಯಬೇಕೆಂದು ಕಾನೂನಿನಲ್ಲೇ ಇದೆ. ನನ್ನನ್ನು ಕೇಳಿದರೆ ಬೆಲೆಯ ಮಿತಿಯನ್ನು ಗಟ್ಟಿಯಾಗಿ ಇಳಿಸಬೇಕು, ತೆರಿಗೆ ದರ ನೋಡದೆ ಎಲ್ಲರಿಗೂ ಒಂದೇ ಮೊತ್ತದ ರಿಯಾಯಿತಿ ಕೊಡಬೇಕು, ಪ್ರತಿ ಕೊಟೇಶನ್ನಿನಲ್ಲೂ ಬಡ್ಡಿ ದರ ಬರೆಯುವುದನ್ನು ಕಡ್ಡಾಯ ಮಾಡಬೇಕು.

ಕರ್ನಾಟಕ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿತು. ಎಲ್ಲ ಎಲೆಕ್ಟ್ರಿಕ್ ವಾಹನಗಳಿಗೂ ರಸ್ತೆ ತೆರಿಗೆ ಬಿಟ್ಟಿದ್ದ ರಾಜ್ಯ, 2024ರಲ್ಲಿ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕಾರುಗಳಿಗೆ ಶೇ. 10ರ ಆಜೀವ ತೆರಿಗೆ ಹಾಕಿತು. ಆಗ ಕಾರು ಕಂಪನಿಗಳಿಗೆ ಅಸಮಾಧಾನವಾಗಿರಬಹುದು. ಆದರೆ ದುಬಾರಿ ಕಾರು ಕೊಳ್ಳುವವರಿಗೆ ಬೊಕ್ಕಸದ ಹಣ ಬೇಕಿಲ್ಲ ಎಂಬ ತೀರ್ಮಾನ ನ್ಯಾಯವಾದದ್ದು. 91,387 ಡಾಲರಿನ ಮಿತಿಯಲ್ಲಿ ಆ ತೀರ್ಮಾನ ಕಾಣುವುದಿಲ್ಲ.

ಕಾರು ಹೇಗೂ ಬೇಕು, ಮನೆಯಲ್ಲೇ ಚಾರ್ಜ್ ಮಾಡುವ ಗ್ಯಾರೇಜ್ ಇದೆ, ಕೆಲಸ ಗಟ್ಟಿಯಿದೆ, ತೆರಿಗೆ ದರ ಶೇ. 37 ಅಥವಾ 45 ಎನ್ನುವವರು ಎರಡು ಮೂರು ಕಡೆ ಬಡ್ಡಿ ಹೋಲಿಸಿ ಲೀಸ್ ತೆಗೆದುಕೊಳ್ಳಲಿ, ಲಾಭವಿದೆ. ಶೇ. 30ರವರು ಮೇಲಿನ ಲೆಕ್ಕವನ್ನು ತಮ್ಮ ಅಂಕಿಗಳಿಂದ ಹಾಕಿ ನೋಡಲಿ. ಅಗ್ಗದ ಕಾರಾದರೆ ಹೆಚ್ಚಿನ ಸಲ ಗಿಟ್ಟುತ್ತದೆ. ಈಗಿರುವ ಹತ್ತು ವರ್ಷದ ಕೊರೊಲಾ ಚೆನ್ನಾಗಿ ಓಡುತ್ತಿದ್ದು, ತೆರಿಗೆ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಮಾರಲು ಹೊರಟವರಿಗೆ ಮಾತ್ರ ಬೇಡ ಎನ್ನುತ್ತೇನೆ: 5,120 ಡಾಲರ್ ತೆರಿಗೆ ಉಳಿಸಲು ವರ್ಷಕ್ಕೆ 10,880 ಡಾಲರ್ ಖರ್ಚು ಮಾಡುತ್ತಿರುತ್ತೀರಿ.